ಮಾವನ ಯಕ್ಷಗಾನದ ಆಟದ ಕ್ಯಾಸೆಟ್‌ಗಳಿಗೆ ಒಂದು ಡೆಕ್: ರಿಪೇರಿ ಟಿಪ್ಪಣಿ

ಕೆಲಸ ಪೂರ್ತಿ ಮುಗಿದಿಲ್ಲ. ಆದರೆ ಡೆಕ್ (ಕ್ಯಾಸೆಟ್ ಹಾಕುವ ಯಂತ್ರ) ಓಡುತ್ತಿದೆ, ಕ್ಯಾಸೆಟ್‌ಗಳು ಒಂದೊಂದಾಗಿ ಕಂಪ್ಯೂಟರಿಗೆ ಬರುತ್ತಿವೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ದುಡ್ಡು ಮತ್ತು ತಲೆನೋವು ಎರಡೂ ಸ್ವಲ್ಪ ಉಳಿಯಲಿ ಅಂತ ಬರೆದಿಡುತ್ತಿದ್ದೇನೆ. ಎಲೆಕ್ಟ್ರಾನಿಕ್ಸ್ ಓದಿದವನಲ್ಲ ನಾನು. ಹಾಡು ಕೇಳುವವನು, ಕ್ಯಾಸೆಟ್ ಕೂಡಿಡುವವನು, ಅಷ್ಟೆ.

ಕೈಯಲ್ಲಿದ್ದದ್ದು ಇಷ್ಟು. ಕುಂದಾಪುರದ ಕಡೆಯ ಸೋದರಮಾವನ ಮನೆಯ ಅಟ್ಟದಲ್ಲಿದ್ದ ಒಂದು ತಗಡಿನ ಪೆಟ್ಟಿಗೆ. ಅದರ ತುಂಬ ಯಕ್ಷಗಾನದ ಕ್ಯಾಸೆಟ್. ಅಂಗಡಿಯಿಂದ ತಂದವು ಕಡಿಮೆ. ಹೆಚ್ಚಿನವು 80ರ ದಶಕದಲ್ಲಿ ಮಾವ ಆಟಕ್ಕೆ, ಅಂದರೆ ಯಕ್ಷಗಾನ ಪ್ರದರ್ಶನಕ್ಕೆ, ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಲೌಡ್‌ಸ್ಪೀಕರ್ ಪಕ್ಕ ಇಟ್ಟು ಮಾಡಿದ ರೆಕಾರ್ಡಿಂಗ್. ಕೆಲವು ಅವರ ಸ್ನೇಹಿತರಿಂದ ಕಾಪಿ ಮಾಡಿಸಿಕೊಂಡವು. ರೆಕಾರ್ಡ್ ಮಾಡಿದ ಆ ಟೂ ಇನ್ ಒನ್ (ರೇಡಿಯೊ ಸೇರಿದ ಟೇಪ್ ರೆಕಾರ್ಡರ್) ಗುಜರಿಗೆ ಹೋಗಿ ಎಷ್ಟೋ ವರ್ಷ ಆಯಿತು. ಅದು ಇರಬೇಕಿತ್ತು ಅಂತ ಯಾಕೆ ಹಳಹಳಿಸುತ್ತೇನೆ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

"ಎಂತಕ್ ಮಾರಾಯಾ ಇದೆಲ್ಲ?" ಅಂದರು ಮಾವ. ಪೆಟ್ಟಿಗೆ ಮಾತ್ರ ಅವರೇ ಕಾರಿನವರೆಗೂ ಹೊತ್ತು ತಂದರು.

ಭಾಗವತ, ಅಂದರೆ ಯಕ್ಷಗಾನದ ಹಾಡುಗಾರ, ಕಾಳಿಂಗ ನಾವಡರ ಪದ್ಯ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ನಿಜ. ಆದರೆ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಮೂವತ್ತರ ಆಸುಪಾಸಿನವರು. ಸಾಲಿಗ್ರಾಮ ಮೇಳದಲ್ಲಿ (ಯಕ್ಷಗಾನ ತಂಡ) ರಾತ್ರಿ ರಾತ್ರಿ ಹಾಡಿದ್ದರಲ್ಲಿ ಉಳಿದದ್ದು ಹೆಚ್ಚಾಗಿ ಕ್ಯಾಸೆಟ್‌ನಲ್ಲೇ. ಅದರಲ್ಲೂ ಎಷ್ಟೋ ರಾತ್ರಿಗಳು ಇಂಥ ಅಟ್ಟಗಳ ಮೇಲೆ ಮಾತ್ರ ಇರುತ್ತವೆ. ಒಂದು ಕ್ಯಾಸೆಟ್ ಹಾಳಾದರೆ ಆ ರಾತ್ರಿ ಹೋಯಿತು ಅಂತಲೇ ಲೆಕ್ಕ.

ಹಂತ 1: ಡೆಕ್ ತಂದದ್ದು, ಬಿಚ್ಚಿದ್ದು

ಒಂದೇ ಕ್ಯಾಸೆಟ್ ಹಿಡಿಯುವ, ಜಪಾನಿನಲ್ಲಿ ತಯಾರಾದ ಹಳೆಯ ಡೆಕ್. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 3,200 ರೂಪಾಯಿ. "ಓಡುತ್ತೆ ಸಾರ್" ಅಂದರು. ಲೈಟ್ ಹತ್ತುತ್ತಿತ್ತು. ಓಡುವುದು ಅಂದರೆ ಅವರ ಲೆಕ್ಕದಲ್ಲಿ ಅಷ್ಟೆ ಇರಬೇಕು.

ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಬೇಡ. ಅದರೊಳಗೆ ಎಲ್ಲವೂ ಎರಡೆರಡು ಇರುತ್ತದೆ, ಕೆಟ್ಟು ಹೋಗುವುದೂ ಡಬಲ್. ಕ್ಯಾಸೆಟ್ ತೆಗೆದು ತಿರುಗಿಸದೆ ಎರಡೂ ಕಡೆ ನುಡಿಸುವ ಆಟೋ ರಿವರ್ಸ್ ಇರುವುದೂ ಬೇಡ. ಅದರಲ್ಲಿ ಹೆಡ್ (ರೀಲಿನಿಂದ ಸದ್ದು ಓದುವ ಭಾಗ) ತಿರುಗುತ್ತದೆ ಅಥವಾ ಜರುಗುತ್ತದೆ, ಹಳತಾದ ಮೇಲೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಈಗ ಹೊಸದಾಗಿ ಬರುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಬಗ್ಗೆ ಕೇಳುವವರಿಗೆ: ನಾನೂ ಒಂದು ತಂದಿದ್ದೆ. ಭಾಗವತರು ನೀರಿನೊಳಗಿಂದ ಹಾಡಿದಂತೆ ಕೇಳಿತು. ವಾಪಸ್ ಕಳಿಸಿದೆ.

ಸ್ಕ್ರೂ ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಪಾನಿನ ಡೆಕ್‌ಗಳಲ್ಲಿ ಇರುವುದು ಜೆಐಎಸ್ ಸ್ಕ್ರೂ. ನೋಡಲು ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ಥರಾನೇ ಇರುತ್ತದೆ, ಆದರೆ ಮಾಮೂಲಿ ಸ್ಟಾರ್ ಡ್ರೈವರ್ ಹಾಕಿ ಜೋರು ಮಾಡಿದರೆ ತಲೆ ಸವೆದು ಹೋಗುತ್ತದೆ. ನನ್ನದರಲ್ಲಿ ಹಿಂದಿನ ಮೆಕ್ಯಾನಿಕ್ ಯಾರೋ ಆಗಲೇ ಸವೆಸಿ ಇಟ್ಟಿದ್ದರು. ಸ್ಕ್ರೂ ತಲೆಯ ಮೇಲೆ ಅಗಲ ರಬ್ಬರ್ ಬ್ಯಾಂಡ್ ಇಟ್ಟು, ಅದರ ಮೇಲೆ ಡ್ರೈವರ್ ಒತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ. ಒಂದು ಮಾತ್ರ ಹಾಗೂ ಬರಲಿಲ್ಲ, ತಲೆ ಕೊರೆದು ತೆಗೆಯಬೇಕಾಯಿತು.

ಮುಚ್ಚಳ ತೆಗೆದ ಮೇಲೆ ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೊ. ವೈರ್ ಬಣ್ಣ, ಸ್ಪ್ರಿಂಗ್ ಯಾವ ಕೊಕ್ಕೆಗೆ ಹೋಗುತ್ತದೆ, ವಾಷರ್ ಯಾವ ಕಡೆ, ಎಲ್ಲ. ನೆನಪಿರುತ್ತದೆ ಅಂದುಕೊಂಡರೆ ಕೆಟ್ಟಿರಿ.

ಹಂತ 2: ಬೆಲ್ಟ್

ಮೋಟರಿನಿಂದ ಚಕ್ರಗಳನ್ನು ತಿರುಗಿಸುವ ರಬ್ಬರ್ ಬೆಲ್ಟ್ ಇರಲಿಲ್ಲ. ಬೆಲ್ಟ್ ಇದ್ದ ಜಾಗದಲ್ಲಿ ಕಪ್ಪು ಡಾಂಬರು ಇತ್ತು. ಹಳೆಯ ಕೆಲವು ಬೆಲ್ಟ್‌ಗಳು ತುಂಡಾಗುವುದಿಲ್ಲ, ಕರಗುತ್ತವೆ. ಮೋಟರ್ ಪುಲ್ಲಿಗೆ, ಫ್ಲೈವೀಲ್ (ವೇಗ ಸಮ ಇಡುವ ಭಾರದ ಚಕ್ರ) ಅಂಚಿಗೆ, ಮಧ್ಯದ ಪ್ಲಾಸ್ಟಿಕ್ ಚಕ್ರಕ್ಕೆ ಎಲ್ಲ ಮೆತ್ತಿಕೊಂಡಿತ್ತು. ಬೆರಳಿಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ, ಬಟ್ಟೆಗೆ ಹತ್ತಿದರೆ ಹೋಗುವುದೇ ಇಲ್ಲ. ಕೈಗವಸು ಹಾಕಿಕೊಳ್ಳಿ.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರಲ್ಲ, ಅದೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 500 ಎಂಎಲ್ ಬಾಟಲಿ 300 ರೂಪಾಯಿಗೆ ಸಿಕ್ಕಿತು. ಕೈಗೆ ಹಾಕುವ ಸ್ಯಾನಿಟೈಸರ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ಮೊದಲು ಮರದ ಐಸ್‌ಕ್ರೀಂ ಕಡ್ಡಿಯಿಂದ ದಪ್ಪ ಪದರ ಕೆರೆದು, ಆಮೇಲೆ ಹಳೇ ಬನಿಯನ್ ತುಂಡಿಗೆ ಐಪಿಎ ಹಾಕಿ ಒರೆಸಿದೆ. ಪುಲ್ಲಿಯ ತೋಡಿನಲ್ಲಿ ಒಂದು ಚೂರು ಡಾಂಬರು ಉಳಿದರೂ ಆ ಜಾಗ ಬಂದಾಗಲೆಲ್ಲ ಸ್ವರ ಅಲುಗುತ್ತದೆ. ಉಗುರಿನಿಂದ ತಡವಿ ನೋಡಿ.

ಹೊಸ ಬೆಲ್ಟ್ ಅಳತೆ ಹೀಗೆ. ಬೆಲ್ಟ್ ಹೋಗುವ ದಾರಿಯಲ್ಲಿ ಹೊಲಿಗೆ ದಾರ ಸುತ್ತಿ, ಸೇರುವ ಕಡೆ ಪೆನ್ನಿನ ಗುರುತು ಹಾಕಿ, ಬಿಡಿಸಿ ಸ್ಕೇಲಿಗೆ ಹಿಡಿದರೆ 242 ಮಿ.ಮೀ. ಬೆಲ್ಟ್ ಅದಕ್ಕಿಂತ ಸುಮಾರು 6 ಶೇಕಡ ಚಿಕ್ಕದಿರಬೇಕು. ಅಂದರೆ ಸುತ್ತಳತೆ 228 ಆಸುಪಾಸು. ಇದು ನನಗೆ ಆಮೇಲೆ ಗೊತ್ತಾದ ಲೆಕ್ಕ. ಮೊದಲ ಸಲ ಅಂಗಡಿಯವರು ಕಣ್ಣಳತೆಯಲ್ಲಿ ಕೊಟ್ಟ 210ರದ್ದನ್ನೇ ಎಳೆದು ಹಾಕಿದೆ. ಟೈಟ್ ಇದ್ದರೆ ಒಳ್ಳೇದೇ ಅಲ್ವಾ ಅಂದುಕೊಂಡೆ. ಅಲ್ಲ. ಮೋಟರ್ ಬಿಸಿ ಆಯಿತು. ಕ್ಯಾಸೆಟ್ ಶುರುವಿನಲ್ಲಿ ಸರಿ ಇದ್ದ ವೇಗ ಕೊನೆಗೆ ಬರುವಷ್ಟರಲ್ಲಿ ಎಳೆಯತೊಡಗಿತು. ಮೋಟರಿನ ಬುಷ್ ಕೂಡ ಇದರಿಂದ ಒಂದು ಕಡೆಗೆ ಸವೆಯುತ್ತದೆ. ತೆಗೆದು 228ರದ್ದು ಹಾಕಿದ ಮೇಲೆ ಸಮ ಆಯಿತು.

ಫ್ಲೈವೀಲ್‌ಗೆ ಬೇಕಾದದ್ದು ಚಪ್ಪಟೆ ಬೆಲ್ಟ್. ಚೌಕ ಬೆಲ್ಟ್ ಹಾಕಿದರೂ ಓಡುತ್ತದೆ, ಆದರೆ ಎಳೆದು ಹಾಡಿದ ಸ್ವರ ನಡುಗುತ್ತದೆ. ರಿವೈಂಡ್ ಕಡೆಗೆ ಚೌಕದ್ದೇ ಇತ್ತು, 1.2 ಮಿ.ಮೀ. ದಪ್ಪದ್ದು. ತಪ್ಪಾಗಿ ತಂದವೂ ಸೇರಿ ಬೆಲ್ಟ್ ಖರ್ಚು 240 ರೂಪಾಯಿ.

ಪಿಂಚ್ ರೋಲರ್, ಅಂದರೆ ರೀಲನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ, ಗಾಜಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ರಬ್ಬರ್ ಮಿಂಚಿದರೆ ಅದು ಗಟ್ಟಿಯಾಗಿದೆ, ರೀಲು ಹಿಡಿಯುವುದಿಲ್ಲ ಅಂತ ಅರ್ಥ. ನುಣ್ಣನೆಯ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದೆ. ಒಂದು ವಾರ ನಡೆಯಿತು, ಮತ್ತೆ ಮಿಂಚಿತು. ಸುಮ್ನೆ ಹೊಸದು ಹಾಕಿ, 350 ರೂಪಾಯಿ. ಹಳೆಯದರ ವ್ಯಾಸ, ಅಗಲ, ಮಧ್ಯದ ಕಡ್ಡಿಯ ದಪ್ಪ ಮೂರೂ ಅಳೆದುಕೊಂಡೇ ಹೋಗಿ.

ಈ ಹಂತದಲ್ಲಿ ಮಾವನ ಕ್ಯಾಸೆಟ್ ಹತ್ತಿರಕ್ಕೂ ತಂದಿರಲಿಲ್ಲ. ಪರೀಕ್ಷೆಗೆ ಇದ್ದದ್ದು "ಮೂವತ್ತು ದಿನಗಳಲ್ಲಿ ಇಂಗ್ಲಿಷ್" ಮಾದರಿಯ ಒಂದು ಕ್ಯಾಸೆಟ್. ಡೆಕ್ ಅದರ ರೀಲನ್ನು ಹೊಟ್ಟೆಗೆ ಎಳೆದುಕೊಂಡು ಕ್ಯಾಪ್‌ಸ್ಟನ್‌ಗೆ (ರೋಲರ್ ಒತ್ತಿಕೊಳ್ಳುವ ಲೋಹದ ಕಡ್ಡಿ) ಸುತ್ತಿಬಿಟ್ಟಿತು. ಕಾರಣ ರೋಲರ್ ಅಲ್ಲ. ಬಲಗಡೆಯ ಚಕ್ರ ರೀಲನ್ನು ಎಳೆದುಕೊಳ್ಳುತ್ತಿರಲಿಲ್ಲ. ಅದನ್ನು ತಿರುಗಿಸುವ ಐಡ್ಲರ್‌ನ ಪುಟ್ಟ ರಬ್ಬರ್ ಉಂಗುರ ಜಾರುತ್ತಿತ್ತು. ಉಂಗುರ ತೆಗೆದು ಒಳಮೈ ಹೊರಗೆ ಮಾಡಿ ಹಾಕಿದೆ. ಖರ್ಚಿಲ್ಲ, ಈವರೆಗೆ ತೊಂದರೆಯೂ ಇಲ್ಲ. ಯಾವ ಡೆಕ್ ಆದರೂ ಸರಿ, ಮೊದಲು ಕಸದ ಕ್ಯಾಸೆಟ್ ಎರಡೂ ಕಡೆ ಪೂರ್ತಿ ಓಡಿಸಿ, ಆಮೇಲೆ ನಿಮ್ಮ ಕ್ಯಾಸೆಟ್ ಹಾಕಿ.

ಹಂತ 3: ವೇಗ

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ಹೊರತಂದಾಗಿನಿಂದ ವೇಗ ಒಂದೇ: ಸೆಕೆಂಡಿಗೆ 4.76 ಸೆಂ.ಮೀ. ಇದನ್ನು ಹೊಂದಿಸಲು ಟೆಸ್ಟ್ ಕ್ಯಾಸೆಟ್ ಸಿಗುತ್ತದೆ. ಒಳ್ಳೆಯದು ವಿದೇಶದಿಂದ ಬರಬೇಕು, ಬೆಲೆ ಜಾಸ್ತಿ. ಅಗ್ಗಕ್ಕೆ ಸಿಗುವುದನ್ನು ಯಾರೋ ತಮ್ಮ ಡೆಕ್‌ನಲ್ಲಿ ರೆಕಾರ್ಡ್ ಮಾಡಿರುತ್ತಾರೆ. ಅವರ ಡೆಕ್ ತಪ್ಪಿದ್ದರೆ ನಮ್ಮದೂ ತಪ್ಪು.

ಹಾಗಾಗಿ ನೆಲದ ಮೇಲೆ ಅಳೆದೆ. ಇಂಗ್ಲಿಷ್ ಕಲಿಸುವ ಕ್ಯಾಸೆಟ್‌ನ ರೀಲನ್ನೇ ಹೊರಗೆಳೆದು ಹಾಲ್‌ನ ಟೈಲ್ಸ್ ಮೇಲೆ ನೇರವಾಗಿ ಹಾಸಿದೆ. ಫ್ಯಾನ್ ಆಫ್, ಕಿಟಕಿ ಬಂದ್. ಈ ರೀಲಿನ ಅಗಲ 4 ಮಿ.ಮೀ. ಕೂಡ ಇಲ್ಲ, ಉಸಿರು ಬಿಟ್ಟರೂ ಹಾರುತ್ತದೆ. ಎರಡು ಮೀಟರಿಗೊಂದರಂತೆ ನಾಣ್ಯ ಇಟ್ಟು ಹಿಡಿಸಿದೆ. 4 ಮೀಟರ್ 76 ಸೆಂ.ಮೀ. ಅಂತರದಲ್ಲಿ ಎರಡು ಕಡೆ ಕತ್ತರಿಸಿ, ಕ್ಯಾಸೆಟ್ ಶುರುವಿನಲ್ಲಿ ಇರುತ್ತದಲ್ಲ, ಸದ್ದಿಲ್ಲದ ಬಿಳಿ ಲೀಡರ್, ಅದರ ಚೂರು ಅಂಟಿಸಿದೆ. ಅಳತೆ ಚೂರಿನ ಶುರುವಿನಿಂದ ಮುಂದಿನ ಚೂರಿನ ಶುರುವಿಗೆ. ಮತ್ತೆ ಸುತ್ತಿ ಓಡಿಸಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಮೇಷ್ಟ್ರ ಮಾತಿನ ನಡುವೆ ಎರಡು ಖಾಲಿ ಜಾಗ ಚೆನ್ನಾಗಿ ಕಾಣುತ್ತವೆ. ವೇಗ ಸರಿ ಇದ್ದರೆ ಅವೆರಡರ ನಡುವೆ ಸರಿಯಾಗಿ 100 ಸೆಕೆಂಡ್ ಇರಬೇಕು.

ನನಗೆ ಬಂದದ್ದು 96.4. ಅಂದರೆ ಡೆಕ್ ಸುಮಾರು 3.7 ಶೇಕಡ ಜೋರಾಗಿ ಓಡುತ್ತಿದೆ.

ಮೋಟರಿನ ಹಿಂಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ವೇಗ ಹೊಂದಿಸುವ ಪುಟ್ಟ ತಿರುಗಣೆ, ಟ್ರಿಮ್ಮರ್. ಸಣ್ಣ ಸ್ಕ್ರೂ ಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸಿದರೂ ವೇಗ ಎಷ್ಟೋ ಬದಲಾಗುತ್ತದೆ. ಡೆಕ್ ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೇ ತಿರುಗಿಸಿ. ತಣ್ಣಗಿದ್ದಾಗ ಸರಿ ಮಾಡಿದ್ದು ಆಮೇಲೆ ಜರುಗಿತು, ಮತ್ತೆ ಮಾಡಿದೆ. ಕೊನೆಗೆ 99.8ಕ್ಕೆ ನಿಲ್ಲಿಸಿದೆ. ಅಷ್ಟು ಸಾಕು, ನೆಲದ ಮೇಲಿನ ಅಳತೆಯಲ್ಲೇ ಅರ್ಧ ಸೆಂ.ಮೀ. ಆಚೀಚೆ ಆಗಿರಬಹುದು.

ಡೆಕ್‌ನ ವೇಗ ಸರಿಯಾಯಿತು. ಮಾವನ ಕ್ಯಾಸೆಟ್‌ಗಳ ವೇಗ ಸರಿಯಾಗಲಿಲ್ಲ. ಅದು ಆರನೇ ಹಂತಕ್ಕೆ ಇರಲಿ.

ಹಂತ 4: ಹೆಡ್

ಹೆಡ್ ಒರೆಸುವುದು ಎಲ್ಲರಿಗೂ ಗೊತ್ತು. ಕಾಟನ್ ಬಡ್, ಐಪಿಎ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಹೆಡ್‌ಗೆ ಹತ್ತಿದ ಕಾಂತ ಬಿಡಿಸುವ ಡಿಮ್ಯಾಗ್ನೆಟೈಸರ್ 900 ರೂಪಾಯಿ. ಡೆಕ್ ಆಫ್ ಮಾಡಿ, ಕ್ಯಾಸೆಟ್‌ಗಳನ್ನು ಇನ್ನೊಂದು ಕೋಣೆಗೆ ಕಳಿಸಿ, ದೂರದಲ್ಲೇ ಆನ್ ಮಾಡಿ ಹತ್ತಿರ ತಂದು, ನಿಧಾನವಾಗಿ ದೂರ ಒಯ್ದ ಮೇಲೆ ಆಫ್. ಹೆಡ್ ಹತ್ತಿರವೇ ಆಫ್ ಮಾಡಿದರೆ ಮೊದಲಿಗಿಂತ ಕೆಡುತ್ತದೆ.

ಈ ಪೂರ್ತಿ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಹೆಡ್ ಪಕ್ಕದ ಸ್ಕ್ರೂ. ಹೆಡ್ ರೀಲಿಗೆ ನೇರವಾಗಿ ನಿಂತಿದೆಯೋ ಓರೆಯಾಗಿದೆಯೋ ಅನ್ನುವುದನ್ನು ಇದು ಹಿಡಿದಿರುತ್ತದೆ. ಅಜಿಮತ್ ಅನ್ನುತ್ತಾರೆ. ಒಂಚೂರು ಓರೆ ಆದರೂ ಮೇಲಿನ ಸ್ವರಗಳೆಲ್ಲ ಮಾಯ, ಕಂಬಳಿ ಹೊದಿಸಿದ ಸದ್ದು.

ಕಂಪನಿ ಕ್ಯಾಸೆಟ್ ಒಂದನ್ನು ಹಾಕಿ, ಸ್ಕ್ರೂ ತಿರುಗಿಸಿ, ಸದ್ದು ಸ್ಪಷ್ಟ ಆಗುವ ಜಾಗದಲ್ಲಿ ನಿಲ್ಲಿಸಿದೆ. ಚೆನ್ನಾಗಿತ್ತು. ಆಮೇಲೆ ಮಾವನ ಕ್ಯಾಸೆಟ್ ಹಾಕಿದರೆ ಚಂಡೆ ಒಂದು ಕೇಳಿಸುತ್ತದೆ, ಭಾಗವತರ ಮಾತು ತಿಳಿಯುವುದೇ ಇಲ್ಲ. ಕ್ಯಾಸೆಟ್ ಹಾಳಾಗಿದೆ ಅಂತ ಪಕ್ಕಕ್ಕಿಟ್ಟೆ. ಇನ್ನೊಂದು, ಮತ್ತೊಂದು, ಎಲ್ಲ ಹಾಗೇ. ಎಲ್ಲವೂ ಒಂದೇ ಥರ ಹಾಳಾಗಲು ಸಾಧ್ಯವಿಲ್ಲ ಅಂತ ಅನ್ನಿಸಿದ ಮೇಲೆ, ಕ್ಯಾಸೆಟ್ ಓಡುತ್ತಿರುವಾಗಲೇ ಸ್ಕ್ರೂ ತಿರುಗಿಸಿ ನೋಡಿದೆ. ಕಾಲು ಸುತ್ತು ಕೂಡ ಆಗಿರಲಿಲ್ಲ, ಭಾಗವತರ ಕೈಯ ತಾಳ ಚಣ್ ಅಂತ ಹೊರಗೆ ಬಂತು. ಹಿಂದೆಯೇ ಮಾತು.

ಮಾವನ ಟೂ ಇನ್ ಒನ್‌ನ ಹೆಡ್ಡೇ ಓರೆ ಇತ್ತು. ಓರೆ ಹೆಡ್‌ನಲ್ಲಿ ರೆಕಾರ್ಡ್ ಆದದ್ದನ್ನು ಅದೇ ಓರೆಯಲ್ಲಿ ಹಿಡಿದರೆ ಮಾತ್ರ ಪೂರ್ತಿ ಕೇಳುತ್ತದೆ. ನೇರ ಇರುವ ಹೆಡ್‌ಗೆ ಅದು ಸಿಗುವುದಿಲ್ಲ. ಆ ಟೂ ಇನ್ ಒನ್ ಇದ್ದಿದ್ದರೆ ಎಷ್ಟು ಸುಲಭವಿತ್ತು ಅಂತ ಹೇಳಿದ್ದು ಇದಕ್ಕೇ. ಈಗ ನನ್ನ ಒಳ್ಳೆಯ ಡೆಕ್ಕನ್ನು ಆ ಕೆಟ್ಟ ಡೆಕ್‌ನ ಹಾಗೆ ಕೆಡಿಸಬೇಕು, ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆ ಥರ.

ಮಾಡುವ ವಿಧಾನ: ಸ್ಕ್ರೂ ಮುಟ್ಟುವ ಮೊದಲು ಉಗುರು ಬಣ್ಣದಲ್ಲಿ ಅದರ ತಲೆಗೂ ಪಕ್ಕದ ಲೋಹಕ್ಕೂ ಎದುರುಬದುರು ಒಂದೊಂದು ಚುಕ್ಕೆ. ಈ ಚುಕ್ಕೆ ನಾನು ಹಾಕಿದ್ದು ಮೊದಲ ಸಲ ತಿರುಗಿಸಿದ ಮೇಲೆ, ಹಾಗಾಗಿ ಫ್ಯಾಕ್ಟರಿಯಲ್ಲಿ ಇಟ್ಟಿದ್ದ ಜಾಗ ಯಾವುದು ಅಂತ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಕಾಂತ ಹಿಡಿಯದ ಡ್ರೈವರ್ ಬಳಸಿ. ಎಡ ಬಲ ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿಕೊಂಡು ಕೇಳಿ, ತಪ್ಪು ಬೇಗ ಗೊತ್ತಾಗುತ್ತದೆ. ಕಿವಿ ಇಡಬೇಕಾದದ್ದು ಹಾಡಿಗಲ್ಲ, ತಾಳಕ್ಕೆ. ಯಕ್ಷಗಾನದವರಿಗೆ ಇದೊಂದು ಅನುಕೂಲ ನೋಡಿ, ರಾತ್ರಿಯಿಡೀ ಭಾಗವತರೇ ಕೈಯಲ್ಲಿ ಟೆಸ್ಟ್ ಟೋನ್ ಬಾರಿಸುತ್ತಿರುತ್ತಾರೆ. ತಾಳದ ಏಟು ಎಲ್ಲಿ ಹೆಚ್ಚು ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ.

ಹೀಗೆ ಮಾಡುತ್ತ ಹೋದಂತೆ ಒಂದು ಸಂಗತಿ ಗಮನಕ್ಕೆ ಬಂತು. ಮಾವನೇ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳಿಗೆಲ್ಲ ಸ್ಕ್ರೂ ಚುಕ್ಕೆ ಹೆಚ್ಚು ಕಡಿಮೆ ಒಂದೇ ಕಡೆ, ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ ನಿಲ್ಲುತ್ತದೆ. ಸ್ನೇಹಿತರಿಂದ ಬಂದವು ಒಂದು ಗಂಟೆಯ ಜಾಗದಲ್ಲಿ. ಲೇಬಲ್ ಉದುರಿದ, ಹೆಸರಿಲ್ಲದ ಕ್ಯಾಸೆಟ್ ಕೂಡ ಸ್ಕ್ರೂ ನಿಂತ ಜಾಗದಿಂದ ಯಾರ ಮೆಶಿನಿನದ್ದು ಅಂತ ಹೇಳಬಹುದು. ಈಗ ಪೆಟ್ಟಿಗೆಯನ್ನು ಪ್ರಸಂಗದ ಹೆಸರಿನ ಪ್ರಕಾರ ಜೋಡಿಸುವುದು ಬಿಟ್ಟು ಸ್ಕ್ರೂ ಪ್ರಕಾರ ಜೋಡಿಸಿದ್ದೇನೆ. ತಿರುಗಿಸುವ ಕೆಲಸ ಕಡಿಮೆ.

ಕೆಲವಕ್ಕೆ ಸ್ಕ್ರೂ ಎಲ್ಲಿ ನಿಲ್ಲಿಸಿದರೂ ಕಂಬಳಿ ಹೋಗುವುದಿಲ್ಲ. ಅವು ಕಾಪಿಯ ಕಾಪಿ. ಕಾಪಿ ಮಾಡುವಾಗಲೇ ಹೆಡ್ ಹೊಂದದೆ ಮೇಲಿನ ಸ್ವರ ಹೋಗಿರುತ್ತದೆ, ಇಲ್ಲದ್ದನ್ನು ಯಾವ ಡೆಕ್ಕೂ ತರುವುದಿಲ್ಲ. ಕ್ಯಾಸೆಟ್ ಕೂಡಿಡುವವರಿಗೆ ಇದು ಮುಖ್ಯ. ಒಂದೇ ಆಟದ ಎರಡು ಪ್ರತಿ ಸಿಕ್ಕಿದರೆ ಯಾವುದು ಮೂಲ ಅಂತ ಲೇಬಲ್ ನೋಡಿ ಹೇಳಬೇಡಿ, ತಾಳ ಕೇಳಿ ಹೇಳಿ.

ಹಂತ 5: ಬೂಷ್ಟು

ಕರಾವಳಿಯ ಮಳೆಗಾಲ ಅಷ್ಟು ವರ್ಷ ಉಂಡ ಕ್ಯಾಸೆಟ್‌ಗಳು. ಕ್ಯಾಸೆಟ್‌ನ ಕಿಟಕಿಯಿಂದ ನೋಡಿದರೆ ರೀಲಿನ ಸುತ್ತಿನ ಮೇಲೆ ಬಿಳಿ ಪುಡಿ. ಇಂಥದ್ದನ್ನು ಒಳ್ಳೆಯ ಡೆಕ್‌ಗೆ ಹಾಕಲೇಬೇಡಿ. ಹೆಡ್‌ಗೂ ರೋಲರ್‌ಗೂ ಹತ್ತಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಮೂಗಿಗೆ ಎನ್95 ಮಾಸ್ಕ್ ಕಟ್ಟಿಕೊಳ್ಳಿ, ಕೆಲಸ ಬಾಲ್ಕನಿಯಲ್ಲಿ.

ಮೊದಲು ಒಣಗಿಸುವುದು. ದೊಡ್ಡ ಸ್ಟೀಲ್ ಡಬ್ಬ, ತಳಕ್ಕೆ ಸಿಲಿಕಾ ಜೆಲ್, ಮೇಲೆ ಕ್ಯಾಸೆಟ್‌ಗಳು, ಮುಚ್ಚಳ ಗಟ್ಟಿ. ಎರಡು ವಾರ. ಬಿಸಿಲಿಗೆ ಇಡಬಾರದು. ಒಣಗಿದ ಮೇಲೆ ಬೂಷ್ಟು ಮೆತ್ತಿಕೊಳ್ಳದೆ ಪುಡಿಯಾಗಿ ಉದುರುತ್ತದೆ. ಒರೆಸಲು ಬೇರೊಂದು ಮೆಶಿನ್: ರದ್ದಿಯವರ ಹತ್ತಿರ ಸುಮ್ಮನೆ ಸಿಕ್ಕಿದ ಟೇಪ್ ರೆಕಾರ್ಡರ್, ಹೆಡ್ ಕಿತ್ತು ತೆಗೆದದ್ದು. ಕ್ಯಾಸೆಟ್ ಹಾಕಿ ಫಾರ್ವರ್ಡ್ ಒತ್ತಿ, ಹೆಡ್ ಇದ್ದ ಜಾಗದಲ್ಲಿ ಕನ್ನಡಕ ಒರೆಸುವ ಬಟ್ಟೆಯನ್ನು ರೀಲಿಗೆ ತಾಗಿಯೂ ತಾಗದಂತೆ ಹಿಡಿದರೆ ಬಟ್ಟೆಯ ಮೇಲೆ ಬೂದು ಗೆರೆ ಮೂಡುತ್ತದೆ. ಬಟ್ಟೆಯ ಜಾಗ ಬದಲಿಸುತ್ತ ಎರಡೂ ದಿಕ್ಕಿಗೆ.

ಇಲ್ಲಿ ಒಂದು ಕ್ಯಾಸೆಟ್ ಕಳೆದುಕೊಂಡೆ. ಬೂಷ್ಟು ಬೇಗ ಹೋಗಲಿ ಅಂತ ಬಟ್ಟೆಗೆ ಐಪಿಎ ಹಚ್ಚಿ ಹಿಡಿದೆ. ಬಟ್ಟೆಯ ಮೇಲೆ ಬೂದು ಬದಲು ಕಂದು ಗೆರೆ ಬಂತು. ಕಂದು ಅಂದರೆ ಬೂಷ್ಟಲ್ಲ, ರೀಲಿನ ಮೇಲಿನ ಪದರ, ಅಂದರೆ ರೆಕಾರ್ಡಿಂಗೇ. ನಿಲ್ಲಿಸುವಷ್ಟರಲ್ಲಿ ಕೆಲವು ನಿಮಿಷದ ಹಾಡು ಬಟ್ಟೆಗೆ ಬಂದಾಗಿತ್ತು. ಬೆಳಕಿಗೆ ಹಿಡಿದರೆ ರೀಲಿನ ಆಚೆ ಬದಿ ಕಾಣುತ್ತದೆ. ಲೇಬಲ್ ಇಲ್ಲದ, ಯಾವುದೋ ಅಗ್ಗದ ರೀಲು. ಒಳ್ಳೆಯ ಕಂಪನಿಯ ಖಾಲಿ ಕ್ಯಾಸೆಟ್‌ಗಳಲ್ಲಿ ಹೀಗಾಗಲಿಲ್ಲ. ಆದರೂ ಹೇಳುತ್ತೇನೆ, ಒಣ ಬಟ್ಟೆ ಮಾತ್ರ.

ಕೆಲವು ಕ್ಯಾಸೆಟ್‌ಗೆ ಸ್ಕ್ರೂ ಇರುವುದಿಲ್ಲ, ಎರಡು ಹೋಳು ಅಂಟಿಸಿರುತ್ತಾರೆ. ಅಂಚಿಗೆ ಕಟ್ಟರ್ ಬ್ಲೇಡ್ ಇಟ್ಟು ಮೆಲ್ಲಗೆ ತಿರುವಿದರೆ ಬಿಚ್ಚಿಕೊಳ್ಳುತ್ತದೆ. ಒಳಗಿನ ರೀಲನ್ನು ಐದು ಸ್ಕ್ರೂ ಇರುವ ಬೇರೆ ಕ್ಯಾಸೆಟ್‌ನ ಚಿಪ್ಪಿಗೆ ಹಾಕಬೇಕು. ಇದಕ್ಕಾಗಿ ಹಳೇ ಸಿನಿಮಾ ಕ್ಯಾಸೆಟ್‌ಗಳ ಒಂದು ಕಟ್ಟು 200 ರೂಪಾಯಿಗೆ ತಂದೆ. ಹೆಡ್‌ಗೆ ರೀಲನ್ನು ಒತ್ತುವ ಪುಟ್ಟ ಸ್ಪಂಜಿನ ಪ್ಯಾಡ್ ಬಹಳಷ್ಟರಲ್ಲಿ ಉದುರಿರುತ್ತದೆ, ಅದೂ ಇವುಗಳಿಂದಲೇ. ರೀಲು ತುಂಡಾದಲ್ಲಿ ಮಾವ ಹಾಕಿದ್ದ ಸೆಲೋಟೇಪ್ ಅಂಟು ಬಿಟ್ಟು ಪಕ್ಕದ ಸುತ್ತುಗಳಿಗೆಲ್ಲ ಮೆತ್ತಿಕೊಂಡಿತ್ತು. ಅದಕ್ಕೆ ಅಂತಲೇ ಬರುವ ಸ್ಪ್ಲೈಸಿಂಗ್ ಟೇಪ್ 700 ರೂಪಾಯಿ. ಒಂದು ಸುರುಳಿ ಜೀವಮಾನಕ್ಕೆ ಸಾಕು.

ಹಂತ 6: ಕಂಪ್ಯೂಟರಿಗೆ

ಡೆಕ್‌ನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಆಡಿಯೊ ಇಂಟರ್‌ಫೇಸ್ 4,500 ರೂಪಾಯಿ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿ ಉಚಿತ. 24 ಬಿಟ್, 44.1 ಕಿಲೋಹರ್ಟ್ಸ್. ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ. ಒಂದು ಕಡೆಗೆ ಒಂದು ಫೈಲ್. ಸಿ-90, ಅಂದರೆ 90 ನಿಮಿಷದ ಕ್ಯಾಸೆಟ್, ಅದರ ಒಂದು ಕಡೆಯ 45 ನಿಮಿಷಕ್ಕೆ ಸುಮಾರು 715 ಎಂಬಿ ಆಗುತ್ತದೆ, ಫ್ಲ್ಯಾಕ್ (ಸದ್ದು ಕೆಡದಂತೆ ಕುಗ್ಗಿಸಿದ ಫೈಲ್) ಮಾಡಿಟ್ಟರೆ ಜಾಗ ತುಂಬ ಉಳಿಯುತ್ತದೆ. ನಾಯ್ಸ್ ರಿಡಕ್ಷನ್ ಹಾಕಬೇಡಿ. ಹಾಕಿ ನೋಡಿದ್ದೇನೆ: ಸುಯ್ ಸದ್ದಿನ ಜೊತೆ ತಾಳದ ಅನುರಣನವೂ ಹೋಗುತ್ತದೆ, ಹಿಂದೆ ಕೂಗುವ ಚಹಾದ ಹುಡುಗನೂ ಹೋಗುತ್ತಾನೆ.

ಈಗ ವೇಗದ ಕಥೆ. ಮಾವ ರೆಕಾರ್ಡರ್ ಓಡಿಸಿದ್ದು ಶೆಲ್‌ನಲ್ಲಿ. ರಾತ್ರಿ ಕಳೆದಂತೆ ಶೆಲ್ ಇಳಿಯುತ್ತದೆ, ರೆಕಾರ್ಡರ್ ನಿಧಾನವಾಗುತ್ತದೆ. ನಿಧಾನವಾಗಿ ರೆಕಾರ್ಡ್ ಆದದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಸ್ವರ ಏರುತ್ತದೆ. ಒಂದು ಕ್ಯಾಸೆಟ್‌ನಲ್ಲಿ ಎ ಕಡೆ ಶುರುವಿನಲ್ಲಿ ಭಾಗವತರ ಶ್ರುತಿ ಬಿಳಿ 4ರಲ್ಲಿದೆ. ಬಿ ಕಡೆ ಮುಗಿಯುವಷ್ಟರಲ್ಲಿ ಅದರ ಮುಂದಿನ ಮನೆ ಕಪ್ಪು 3ಕ್ಕೆ ಬಂದಿದೆ. ಹಾರ್ಮೋನಿಯಂನಲ್ಲಿ ಒಂದು ಮನೆ ಅಂದರೆ ಹತ್ತಿರ ಹತ್ತಿರ 6 ಶೇಕಡ ವೇಗ. ಮಾವ ಹೊಸ ಶೆಲ್ ಹಾಕಿದ ಜಾಗವೂ ಗೊತ್ತಾಗುತ್ತದೆ, ಪದ್ಯದ ನಡುವೆ ಕಟ್ ಅಂತ ಸದ್ದಾಗಿ ಶ್ರುತಿ ದಬಕ್ಕನೆ ಕೆಳಗೆ ಬೀಳುತ್ತದೆ.

ಕರೆಂಟಿನ ಹಮ್ ನೋಡಿ ವೇಗ ಸರಿಮಾಡಿ ಅಂತ ಹೇಳುವವರಿದ್ದಾರೆ. ರೆಕಾರ್ಡಿಂಗಿನ ಹಿಂದೆ ಮೈಕಿನ ಗುಂಯ್ ಇರುತ್ತದಲ್ಲ, ಅದು 50 ಹರ್ಟ್ಸ್ ಇರಬೇಕು, ಇಲ್ಲದಿದ್ದರೆ ಅಷ್ಟು ತಿದ್ದಿ ಅಂತ. ಮೈಕು ಜನರೇಟರಿನಲ್ಲಿ ಓಡುವ ಬಯಲಿನ ಆಟಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅದರ ವೇಗ ಅದಕ್ಕೇ ಗೊತ್ತು. ಮನೆಯ ಕರೆಂಟ್ ಕೂಡ ಆ ಕಾಲದಲ್ಲಿ 50ಕ್ಕೆ ನಿಲ್ಲುತ್ತಿರಲಿಲ್ಲ. ನಾನು ಹಿಡಿದದ್ದು ಶ್ರುತಿಯನ್ನೇ. ಭಾಗವತರ ಹಿಂದೆ ಬರುವ ಹಾರ್ಮೋನಿಯಂ ಶ್ರುತಿಯನ್ನು ಫೋನಿನ ಟ್ಯೂನರ್‌ಗೆ ಹಿಡಿದರೆ ಅದು ಎರಡು ಮನೆಗಳ ನಡುವೆ ಎಲ್ಲೋ ತೋರಿಸುತ್ತದೆ. ಹಾರ್ಮೋನಿಯಂ ಎರಡು ಮನೆಗಳ ನಡುವೆ ನುಡಿಯುವುದಿಲ್ಲ, ಹಾಗಾಗಿ ಹತ್ತಿರದ ಮನೆಗೆ ಎಳೆದು ಕೂರಿಸುತ್ತೇನೆ. ಮೇಲಿನದೋ ಕೆಳಗಿನದೋ ಅನ್ನುವುದಕ್ಕೆ ಅದೇ ಭಾಗವತರ ಬೇರೆ ರೆಕಾರ್ಡಿಂಗ್ ಕೇಳಬೇಕು. ಹತ್ತು ನಿಮಿಷಕ್ಕೊಂದು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ತಿದ್ದುಪಡಿ. ನಡುರಾತ್ರಿಯಲ್ಲಿ ಭಾಗವತರು ಬದಲಾಗುತ್ತಾರೆ, ಆಗ ಶ್ರುತಿಯೂ ನಿಜವಾಗಿ ಬದಲಾಗುತ್ತದೆ. ಅದನ್ನು ಶೆಲ್ಲಿನ ತಪ್ಪು ಅಂತ ತಿದ್ದಿ ಇಬ್ಬರನ್ನೂ ಒಂದೇ ಶ್ರುತಿಗೆ ತಂದು ಕೂರಿಸಿದ್ದೆ, ಎರಡನೆಯವರ ದನಿ ಯಾರದ್ದೋ ಆಗಿಹೋಯಿತು. ಮೂಲ ಫೈಲ್ ಹಾಗೇ ಇಟ್ಟು, ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಇಡುವುದು ಇದಕ್ಕೇ.

ಸರಿ ಮಾಡಲು ಆಗದ್ದೂ ಇದೆ. ಆ ಸಣ್ಣ ರೆಕಾರ್ಡರ್‌ಗಳು ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಚಂಡೆಯ ಪೆಟ್ಟು ಬಿದ್ದ ತಕ್ಷಣ ಎಲ್ಲವನ್ನೂ ತಗ್ಗಿಸಿ, ನಿಧಾನಕ್ಕೆ ಮೇಲೆ ತರುತ್ತವೆ. ಚಂಡೆಯ ಜೊತೆ ಜೋರಾಗಿ ಹಾಡುವ ಏರುಪದದಲ್ಲಿ ಭಾಗವತರು ಮುಳುಗಿ ಏಳುತ್ತಲೇ ಇರುತ್ತಾರೆ. ಇದಕ್ಕೆ ಸಾಫ್ಟ್‌ವೇರ್ ಹುಡುಕುವುದು ಬಿಟ್ಟೆ.

ಹಂತ 7: ಹೊಸದಾಗಿ ಕೊಳ್ಳುವುದು

ಡೆಕ್ ಓಡತೊಡಗಿದ ಮೇಲೆ ಕೈ ಸುಮ್ಮನಿರುವುದಿಲ್ಲ, ಕ್ಯಾಸೆಟ್ ಕೊಳ್ಳುವ ಚಟ ಮರಳಿ ಬಂತು. ಈ ಸಲ ಒಂದೆರಡು ನಿಯಮ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಸಿಗುವ ಹಾಡಿನ ಕ್ಯಾಸೆಟ್ ಕೊಳ್ಳುವುದಿಲ್ಲ, ಎಷ್ಟೇ ಚಂದದ ಕವರ್ ಇದ್ದರೂ. ಸೀಲ್ ಒಡೆಯದ ಕ್ಯಾಸೆಟ್ ಅಂತ ನೂರಾರು ರೂಪಾಯಿ ಹೇಳುತ್ತಾರೆ. ಸೀಲ್ ಒಳಗೂ ಪ್ಯಾಡ್ ಉದುರುತ್ತದೆ, ಬೂಷ್ಟೂ ಬರುತ್ತದೆ, ಒಡೆದು ನೋಡುವ ಹಾಗಿಲ್ಲ. ನಾನು ಹುಡುಕುವುದು ಕೈಬರಹದ ಲೇಬಲ್ ಇರುವುದನ್ನು. ರದ್ದಿ ಅಂಗಡಿಯಲ್ಲಿ ಅಂಥದ್ದಕ್ಕೆ ಬೆಲೆಯೇ ಇಲ್ಲ, ಕಟ್ಟು ಕೊಂಡರೆ ಹತ್ತಿಪ್ಪತ್ತು ರೂಪಾಯಿಗೊಂದು. ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ), ಭಜನೆ, ಮದುವೆ ಮನೆಯ ಹಾಡು, ಯಾರೋ ಅಜ್ಜಿಯ ಸಂಪ್ರದಾಯದ ಹಾಡು. ಸಿನಿಮಾ ಹಾಡಿನ ಲೇಬಲ್ ಇದ್ದರೂ ಮೇಲಂಚಿನ ಮೂಲೆ ನೋಡಿ. ಮತ್ತೆ ರೆಕಾರ್ಡ್ ಆಗದಿರಲಿ ಅಂತ ಅಲ್ಲಿನ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದಿರುತ್ತಾರೆ. ಮುರಿದ ಜಾಗಕ್ಕೆ ಸೆಲೋಟೇಪ್ ಅಂಟಿಸಿದ್ದರೆ ಅದರ ಮೇಲೆ ಯಾರೋ ಬೇರೇನೋ ರೆಕಾರ್ಡ್ ಮಾಡಿದ್ದಾರೆ ಅಂತ ಅರ್ಥ. ಹಾಗೆ ಸಿಕ್ಕಿದ ಒಂದರಲ್ಲಿ ಅರ್ಥಗಾರಿಕೆ (ತಾಳಮದ್ದಲೆಯ ಮಾತುಗಾರಿಕೆ) ಇತ್ತು, ಪಾತ್ರದವರು ಉಸಿರು ತೆಗೆದುಕೊಂಡಾಗ ಅಡಿಯಿಂದ ಡ್ಯುಯೆಟ್ ಇಣುಕುತ್ತದೆ.

ಕೊಳ್ಳುವಾಗ ಕಿಟಕಿ ಬೆಳಕಿಗೆ ಹಿಡಿದು ರೀಲಿನ ಮೈ ನೋಡಿ. ಸಮನಾಗಿ ಹೊಳೆದರೆ ತೊಗೊಳ್ಳಿ. ಬಿಳಿ ಇದ್ದರೂ ವಿಷಯ ಚೆನ್ನಾಗಿದ್ದರೆ ತೊಗೊಳ್ಳಿ, ಆದರೆ ಬೇರೆ ಚೀಲದಲ್ಲಿ ತನ್ನಿ.

ಇಂಟರ್ನೆಟ್ಟಿಗೆ ಹಾಕಿ ಅಂತ ಕೆಲವರು ಕೇಳಿದ್ದಾರೆ. ಸದ್ಯ ಹಾಕಿಲ್ಲ. ಮಾವ ರೆಕಾರ್ಡ್ ಮಾಡಿದ್ದು ತಾವು ಕೇಳಲು. ಹಾಡಿದವರನ್ನೋ ಅವರ ಮನೆಯವರನ್ನೋ ಕೇಳದೆ ಊರಿಗೆಲ್ಲ ಹಂಚಲು ಮನಸ್ಸು ಬರುವುದಿಲ್ಲ. ಒಂದು ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ಮಾವನಿಗೆ ಕೊಟ್ಟೆ. ಅವರು ಕೇಳಿದ ಮೊದಲ ಪ್ರಶ್ನೆ, ಕ್ಯಾಸೆಟ್ ತಿರುಗಿಸಿ ಹಾಕುವಾಗ ತಪ್ಪಿಹೋದ ಆ ಎರಡು ಪದ್ಯ ಎಲ್ಲಾದರೂ ಸಿಕ್ಕಿತಾ ಅಂತ.

ಒಟ್ಟು ಲೆಕ್ಕ: ಡೆಕ್ 3,200, ಬೆಲ್ಟ್ 240, ರೋಲರ್ 350, ಐಪಿಎ 300, ಡಿಮ್ಯಾಗ್ನೆಟೈಸರ್ 900, ಇಂಟರ್‌ಫೇಸ್ 4,500, ಸಿಲಿಕಾ ಜೆಲ್ 250, ಸ್ಪ್ಲೈಸಿಂಗ್ ಟೇಪ್ 700, ಚಿಪ್ಪಿಗೆಂದು ತಂದ ಕ್ಯಾಸೆಟ್ 200. ಕೂಡಿದರೆ 10,640 ರೂಪಾಯಿ. ಇಂಟರ್‌ಫೇಸ್ ಬದಲು ಕಂಪ್ಯೂಟರಿನ ಲೈನ್ ಇನ್‌ಗೇ ವೈರ್ ಹಾಕಿದರೂ ನಡೆಯುತ್ತದೆ, ಅರ್ಧ ದುಡ್ಡು ಹತ್ತಿರ ಹತ್ತಿರ ಉಳಿಯುತ್ತದೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಮಾತ್ರ ಹಾಕಬೇಡಿ.

ಬಾಕಿ ಇರುವುದು: ಡೆಕ್‌ನ ಆಟೋ ಸ್ಟಾಪ್ ಕೆಲಸ ಮಾಡುತ್ತಿಲ್ಲ. ಕ್ಯಾಸೆಟ್ ಮುಗಿದರೂ ಮೋಟರ್ ಎಳೆಯುತ್ತಲೇ ಇರುತ್ತದೆ, ಹಾಗಾಗಿ ಪಕ್ಕದಲ್ಲೇ ಕೂತಿರಬೇಕು. ರೀಲ್ ಚಕ್ರದ ಅಡಿಯ ಕಾಂತವನ್ನು ಓದುವ ಸೆನ್ಸರ್ ಸತ್ತಿದೆ ಅಂತ ಅನುಮಾನ. ವೈರ್ ಬೆಸುಗೆ ನೋಡಿಯಾಯಿತು, ಸರಿ ಇದೆ. ಮೂರು ಕಾಲಿನ ಕಪ್ಪು ಬಿಡಿಭಾಗ, ಮೇಲಿನ ನಂಬರ್ ಅಳಿಸಿಹೋಗಿದೆ. ಬದಲಿಗೆ ಯಾವುದು ಹಾಕಬಹುದು ಅಂತ ಗೊತ್ತಿದ್ದವರು ಹೇಳಿ.